ಚಲುವಯ್ಯನ ಇಲಿಗಳ ಏಕಾದಶಿ

ಬೈಯಪ್ಪನಹಳ್ಳಿಯ ರೈಲ್ವೆ ಗೇಟು ದಾಟಿ ಸ್ವಲ್ಪ ದೂರ ಹೋದರೆ, ಹುಣಸೆಮರಗಳ ನಡುವೆ ಒಂದು ಔಷಧ ಕಂಪನಿಯ ಸಂಶೋಧನಾಲಯವಿತ್ತು. ಕಂಪನಿ ಈಗ ಇಲ್ಲ, ಹೆಸರು ಹೇಳಿ ಪ್ರಯೋಜನವೂ ಇಲ್ಲ. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಅಲ್ಲಿ ಮೂವರು ವಿಜ್ಞಾನಿಗಳು, ಇನ್ನೂರು ಬಿಳಿ ಇಲಿಗಳು ಮತ್ತು ಚಲುವಯ್ಯ ಇದ್ದರು. ಸಂಶೋಧನಾಲಯ ನಡೆಯುತ್ತಿರುವುದು ತಮ್ಮಿಂದ ಎಂದು ವಿಜ್ಞಾನಿಗಳು ತಿಳಿದಿದ್ದರು. ಚಲುವಯ್ಯನಿಗೆ ಆ ವಿಷಯದಲ್ಲಿ ಬೇರೆ ಅಭಿಪ್ರಾಯವಿತ್ತು. ಇಲಿಗಳನ್ನು ಯಾರೂ ಕೇಳಿರಲಿಲ್ಲ.

ಚಲುವಯ್ಯನ ಹುದ್ದೆ ಪ್ರಾಣಿಗೃಹದ ಅಟೆಂಡರ್. ಅದೂ ಟೆಂಪರರಿ. ಹನ್ನೊಂದು ವರ್ಷದಿಂದ ಟೆಂಪರರಿ. ಎಂಬತ್ತೊಂಬತ್ತು ದಿನ ಕೆಲಸ ಮಾಡಿಸಿ, ತೊಂಬತ್ತನೆಯ ದಿನ ‘ಇವತ್ತು ನೀನು ನಮ್ಮವನಲ್ಲ’ ಎಂದು ಮನೆಗೆ ಕಳಿಸಿ, ಮರುದಿನ ಬೆಳಿಗ್ಗೆ ಹೊಸಬನಂತೆ ಸೇರಿಸಿಕೊಳ್ಳುವುದು ಆ ಕಂಪನಿಯ ಪದ್ಧತಿಯಾಗಿತ್ತು. ಹೀಗೆ ಚಲುವಯ್ಯ ಒಂದೇ ಕೆಲಸಕ್ಕೆ ನಲವತ್ತನಾಲ್ಕು ಸಲ ಹೊಸದಾಗಿ ಸೇರಿದ್ದ. ಅಷ್ಟು ಸಲ ಸೇರಿದವನಿಗೆ ಆ ಜಾಗದ ಮೇಲೆ ಸ್ವಲ್ಪ ಯಜಮಾನಿಕೆ ಬರುವುದು ಸಹಜ.

ಆದರೆ ಕಂಪನಿಯ ಇನ್ನೊಂದು ನಿಯಮ ಅವನ ಕುತ್ತಿಗೆಗೆ ಬಂದು ಕೂತಿತ್ತು. ನಲವತ್ತೈದು ತುಂಬಿದವರನ್ನು ಕಾಯಂ ಮಾಡುವಂತಿಲ್ಲ. ಚಲುವಯ್ಯನಿಗೆ ಆ ವರ್ಷ ಸೆಪ್ಟೆಂಬರ್ ಒಂದಕ್ಕೆ ನಲವತ್ತೈದು ತುಂಬುತ್ತಿತ್ತು. ಅಷ್ಟರೊಳಗೆ ಕಾಯಂ ಆದರೆ ಆದ, ಇಲ್ಲದಿದ್ದರೆ ಮುದುಕನಾಗುವವರೆಗೆ ಮೂರು ತಿಂಗಳಿಗೊಮ್ಮೆ ಹೊಸ ಹುಡುಗನಾಗಿ ಸೇರುತ್ತಿರಬೇಕು. ಅವನ ಅರ್ಜಿ ಡಾಕ್ಟರ್ ಚಂದ್ರಶೇಖರಯ್ಯನವರ ಮೇಜಿನ ಮೇಲೆ ಒಂದು ಗಾಜಿನ ಗುಂಡಿನ ಕೆಳಗೆ ಮಲಗಿತ್ತು.

ಡಾಕ್ಟರ್ ಚಂದ್ರಶೇಖರಯ್ಯ ಸಂಶೋಧನಾಲಯದ ಮುಖ್ಯಸ್ಥರು. ದಾವಣಗೆರೆ ಕಡೆಯವರು. ಮೂರು ವರ್ಷ ಇಂಗ್ಲೆಂಡಿನಲ್ಲಿದ್ದು ಒಂದು ಡಾಕ್ಟರೇಟನ್ನೂ ಒಂದು ಪೈಪನ್ನೂ ತಂದಿದ್ದರು. ಇಲ್ಲಿಯ ಹೊಗೆಸೊಪ್ಪು ಅವರಿಗೆ ಹಿಡಿಸಲಿಲ್ಲವಾದ್ದರಿಂದ ಖಾಲಿ ಪೈಪನ್ನೇ ಬಾಯಲ್ಲಿಟ್ಟುಕೊಂಡು ಯೋಚಿಸುತ್ತಿದ್ದರು. ಯೋಚನೆಯಲ್ಲಿ ಏನಾದರೂ ಇತ್ತೇ ಎನ್ನುವುದು ಪೈಪಿನಷ್ಟು ಸ್ಪಷ್ಟವಾಗಿ ಹೊರಗಿನವರಿಗೆ ಕಾಣುತ್ತಿರಲಿಲ್ಲ. ರಕ್ತದಲ್ಲಿ ಕೊಲೆಸ್ಟರಾಲ್ ಇಳಿಸುವ ಮಾತ್ರೆಯೊಂದನ್ನು ಕಂಡುಹಿಡಿಯುವುದು ಅವರ ಕೆಲಸ. ಮೂರು ವರ್ಷವಾದರೂ ಮಾತ್ರೆ ಏನನ್ನೂ ಇಳಿಸಿರಲಿಲ್ಲ, ಕಂಪನಿಯ ತಾಳ್ಮೆಯನ್ನು ಬಿಟ್ಟರೆ.

ಈ ಮಾತ್ರೆಯ ಹಿಂದಿನ ಶಾಸ್ತ್ರವನ್ನು ಚಲುವಯ್ಯ ಬಾಗಿಲ ಬಳಿ ನಿಂತು ಕಲಿತಿದ್ದ. ಡಾಕ್ಟರರು ಕಂಪನಿಗೆ ಬಂದ ಅತಿಥಿಗಳಿಗೆಲ್ಲ ಅದೇ ಪಾಠ ಹೇಳುತ್ತಿದ್ದುದರಿಂದ ಮೂರು ವರ್ಷದಲ್ಲಿ ಅದು ಅವನಿಗೆ ಮಂತ್ರಪುಷ್ಪದಂತೆ ಬಾಯಿಗೆ ಬಂದಿತ್ತು. ಬಂದದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಹಲಸೂರಿನ ಅವನ ವಠಾರದಲ್ಲಿ ನಲ್ಲಿಯ ಸಾಲಿನಲ್ಲಿ ನಿಂತವರಿಗೂ ಅದನ್ನು ಹೇಳಿ, ಅವರು ಕೊಡ ಬಿಟ್ಟು ಓಡಿಹೋಗುವಂತೆ ಮಾಡಿದ್ದ. ಓಡಿಹೋಗದೆ ಕೇಳುತ್ತಿದ್ದವನು ಬಷೀರ್ ಒಬ್ಬನೇ, ಏಕೆಂದರೆ ಅವನು ಅಂಗಡಿ ಬಿಟ್ಟು ಹೋಗುವಂತಿರಲಿಲ್ಲ.

ಬಷೀರನದು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅತ್ತರಿನ ಅಂಗಡಿ. ಚಲುವಯ್ಯ ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಮಾರುಕಟ್ಟೆಗೆ ಬಂದು ಇಲಿಗಳಿಗೆ ಕಡಲೆ, ಕ್ಯಾರೆಟ್ಟು, ಶಾರ್ಕ್ ಮೀನಿನ ಲಿವರ್ ಎಣ್ಣೆ ಕೊಂಡು, ಬಷೀರನ ಕಟ್ಟೆಯ ಮೇಲೆ ಕೂರುತ್ತಿದ್ದ.

“ನಿನ್ನ ಅಂಗಡೀಲಿರೋದೆಲ್ಲ ಐದರ ಲೆಕ್ಕ ಕಣಯ್ಯಾ,” ಎಂದ ಒಂದು ದಿನ.

“ಐದು ರೂಪಾಯಿಗೆ ಇಲ್ಲಿ ಏನೂ ಬರಲ್ಲ ಭಾಯ್,” ಎಂದ ಬಷೀರ್.

“ರೂಪಾಯಿ ಅಲ್ಲಯ್ಯಾ, ಇಂಗಾಲ. ಕಾರ್ಬನ್ನು. ಕೇಳು. ಜೀವಕೋಶ ಅಂತ ಇರುತ್ತೆ. ನಿನ್ನಲ್ಲೂ ಇದೆ, ನನ್ನಲ್ಲೂ ಇದೆ, ಈ ನಿಂಬೆಹುಲ್ಲಲ್ಲೂ ಇದೆ. ಅದು ತಿಂದ ಅನ್ನಾನ ಮುರಿದು ಮುರಿದು ಕೊನೆಗೆ ಎರಡೆರಡು ಇಂಗಾಲದ ಚೂರು ಮಾಡುತ್ತೆ. ವಿನಿಗರ್ ಇಲ್ವಾ, ಹೆಚ್ಚುಕಮ್ಮಿ ಅದೇ ಸಾಮಾನು. ಅಂಥ ಮೂರು ಚೂರು ಕೂಡಿಸುತ್ತೆ. ಎಷ್ಟಾಯ್ತು?”

“ಆರು.”

“ಶಭಾಷ್. ಆ ಆರರಲ್ಲಿ ಒಂದನ್ನ ಗಾಳಿಗೆ ಬಿಡುತ್ತೆ. ಉಳಿದಿದ್ದು ಐದು. ಆ ಐದೇ ಇಟ್ಟಿಗೆ. ಅದಕ್ಕೆ ಐಸೋಪ್ರೀನ್ ಅಂತಾರೆ. ಈ ಇಟ್ಟಿಗೇಲಿ ಕಟ್ಟಿದ್ದಕ್ಕೆಲ್ಲ ಐಸೋಪ್ರಿನಾಯ್ಡು. ಎರಡು ಇಟ್ಟಿಗೆ ಇಟ್ರೆ ನಿನ್ನ ನಿಂಬೆಹುಲ್ಲಿನ ವಾಸನೆ, ಗುಲಾಬಿ ವಾಸನೆ, ಕರ್ಪೂರ, ಪುದೀನ. ಮೂರು ಇಟ್ಟಿಗೆ ಇಟ್ರೆ ಗಂಧದೆಣ್ಣೆ. ಆರು ಇಟ್ರೆ ಈ ನನ್ನ ಚೀಲದಲ್ಲಿರೋ ಶಾರ್ಕಿನ ಲಿವರ್ ಎಣ್ಣೆಯೊಳಗಿನ ಸ್ಕ್ವಾಲೀನು. ಎಂಟು ಇಟ್ರೆ ಕ್ಯಾರೆಟ್ಟಿನ ಕೆಂಪು. ಸಾವಿರಾರು ಇಟ್ಟಿಗೆ ಸಾಲಾಗಿ ಇಡ್ತಾ ಹೋದ್ರೆ ರಬ್ಬರು!” ಎಂದು ಚಲುವಯ್ಯ ತನ್ನ ಸೈಕಲ್ಲಿನ ಚಕ್ರವನ್ನು ತಟ್ಟಿದ.

ಬಷೀರ್ ಗಂಧದೆಣ್ಣೆಯ ಸೀಸೆಯನ್ನೂ ಸೈಕಲ್ಲಿನ ಚಕ್ರವನ್ನೂ ನೋಡಿದ. “ಅಂದ್ರೆ ನಮ್ಮ ಸಂದಲ್‌ಗೂ ನಿನ್ನ ಪಂಕ್ಚರ್ ಟ್ಯೂಬಿಗೂ ಒಂದೇ ಖಾನ್ದಾನ್ ಅಂತೀಯಾ?”

“ಹೌದು.”

“ಜೋರಾಗಿ ಹೇಳ್ಬೇಡ ಯಾರ್. ಗಿರಾಕಿ ನಿಂತಿದಾರೆ.”

“ಇನ್ನೂ ಕೇಳು. ಆ ಶಾರ್ಕಿನ ಸ್ಕ್ವಾಲೀನು ನಮ್ಮ ಲಿವರಲ್ಲೂ ಆಗುತ್ತೆ. ಅದನ್ನ ಮಡಚಿ ಮಡಚಿ ಉಂಗುರ ಮಾಡಿದ್ರೆ ಕೊಲೆಸ್ಟರಾಲ್. ಜನ ಸುಮ್ನೆ ಬೈತಾರೆ ಅದನ್ನ. ಅದಿಲ್ದೆ ಜೀವಕೋಶಕ್ಕೆ ಗೋಡೆ ನಿಲ್ಲಲ್ಲ, ಪಿತ್ತ ಆಗಲ್ಲ, ಗಂಡಸಿಗೆ ಗಂಡಸ್ತನ ಇಲ್ಲ, ಹೆಂಗಸಿಗೆ ಹೆಣ್ತನ ಇಲ್ಲ. ಜಾಸ್ತಿ ಆದ್ರೆ ಮಾತ್ರ ರಕ್ತನಾಳ ಕಟ್ಟುತ್ತೆ. ಅದಕ್ಕೇ ಈ ಇಟ್ಟಿಗೆ ಕಾರ್ಖಾನೆಗೆ ಒಂದು ಗೇಟಿದೆ. ಆರು ಇಂಗಾಲದ ಹತ್ರ. ಸಾಕು ಅನ್ನಿಸಿದಾಗ ಜೀವಕೋಶ ಆ ಗೇಟು ಹಾಕುತ್ತೆ. ನಮ್ಮ ಡಾಕ್ಟ್ರು ಮಾತ್ರೆ ಕೊಟ್ಟು ಆ ಗೇಟು ಹಾಕಿಸ್ಬೇಕು ಅಂತ ಒದ್ದಾಡ್ತಿದಾರೆ. ಹೆಚ್ಚುಕಮ್ಮಿ ನಾವಿಬ್ರೂ ಸೇರಿ ಮಾಡ್ತಿರೋ ಕೆಲಸ.”

“ನೀವಿಬ್ರು ಅಂದ್ರೆ ನೀನು ಮತ್ತೆ ಇಲಿ?”

“ನಾನು ಮತ್ತೆ ಡಾಕ್ಟ್ರು!”

ಇದು ಚಲುವಯ್ಯನ ವಿದ್ವತ್ತು. ಅದರಲ್ಲಿ ತಪ್ಪಿರಲಿಲ್ಲ ಎನ್ನುವುದನ್ನು ಒಪ್ಪಬೇಕು. ತಪ್ಪಿದ್ದದ್ದು ಅವನ ಭಕ್ತಿಯಲ್ಲಿ.

ಚಲುವಯ್ಯನ ಮನೆದೇವರು ಮೇಲುಕೋಟೆಯ ಚೆಲುವನಾರಾಯಣ. ಹಣೆಯ ಮೇಲೆ ಮೂರು ನಾಮ, ಅದರ ಕೆಳಗೆ ಖಾಕಿ ಅಂಗಿ. ಏಕಾದಶಿಯ ದಿನ ಅವನು ಅನ್ನ ಮುಟ್ಟುತ್ತಿರಲಿಲ್ಲ, ಕಾಳು ಮುಟ್ಟುತ್ತಿರಲಿಲ್ಲ, ಇನ್ನೊಬ್ಬರಿಗೆ ಬಡಿಸುತ್ತಲೂ ಇರಲಿಲ್ಲ. ಇಲ್ಲಿಯವರೆಗೆ ಯಾರದೇನೂ ತಕರಾರಿಲ್ಲ. ಆದರೆ ಇಲಿಗಳು ಬೋನಿನಲ್ಲಿ ಕೂತು ಕಡಲೆಗಾಗಿ ಅವನ ಕೈಯನ್ನೇ ನೋಡುತ್ತಿರುವಾಗ ಅವನಿಗೆ ಒಂದು ವಿಚಾರ ಬಂದಿತ್ತು. ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಆರು ಇಲಿಗಳನ್ನು ಮೇಲಿನ ಲ್ಯಾಬಿಗೆ ಒಯ್ಯುತ್ತಿದ್ದರು. ಅವು ಮರಳಿ ಬರುತ್ತಿರಲಿಲ್ಲ. ಅವುಗಳ ಯಕೃತ್ತನ್ನು ತೆಳ್ಳಗೆ ಹೆಚ್ಚಿ, ವಿಕಿರಣದ ಗುರುತು ಹಾಕಿದ ಅಸಿಟೇಟಿನಲ್ಲಿ, ಅಂದರೆ ಆ ಎರಡು ಇಂಗಾಲದ ಚೂರಿನಲ್ಲಿ ನೆನೆಹಾಕಿ, ಎಷ್ಟು ಚೂರು ಕೊಲೆಸ್ಟರಾಲ್ ಆಯಿತೆಂದು ಅಳೆಯುತ್ತಿದ್ದರು. ಹೇಗಿದ್ದರೂ ಸಾಯುವ ಜೀವಗಳು. ಸಾಯುವ ಮುಂಚೆ ಒಂದು ಏಕಾದಶಿಯ ಪುಣ್ಯವಾದರೂ ಜೊತೆಗಿದ್ದರೆ ಮುಂದಿನ ಜನ್ಮದಲ್ಲಿ ಕನಿಷ್ಠ ಅಟೆಂಡರ್ ಆಗಿ ಹುಟ್ಟಬಹುದಲ್ಲ?

ಹೀಗಾಗಿ ಆ ಸಂಶೋಧನಾಲಯದಲ್ಲಿ ಏಕಾದಶಿಯ ದಿನ ಇನ್ನೂರು ಇಲಿಗಳೂ ಉಪವಾಸವಿರುತ್ತಿದ್ದವು. ನೀರು ಮಾತ್ರ ಕೊಡುತ್ತಿದ್ದ. ದ್ವಾದಶಿಯ ದಿನ ಚಲುವಯ್ಯ ಮನೆಯಲ್ಲಿ ಪಾರಣೆ ಮುಗಿಸಿ, ಹಲಸೂರಿನಿಂದ ಸೈಕಲ್ ತುಳಿದು ಬಂದು, ಹತ್ತು ಗಂಟೆಗೆ ಇಲಿಗಳಿಗೂ ಪಾರಣೆ ಮಾಡಿಸುತ್ತಿದ್ದ. ಒಂಬತ್ತಕ್ಕೆ ಮೇಲೆ ಹೋದ ಆರಕ್ಕೆ ಮಾತ್ರ ಪಾರಣೆಯ ಭಾಗ್ಯ ಇರುತ್ತಿರಲಿಲ್ಲ.

ಯಕೃತ್ತು ಅಳೆಯುತ್ತಿದ್ದವರು ಸೀತಾಲಕ್ಷ್ಮಿ. ಎಂ.ಎಸ್ಸಿ. ಮಾಡಿದವರು, ಕೆ.ಆರ್. ಪುರದ ಕಡೆಯ ಟೆಲಿಫೋನ್ ಕಾರ್ಖಾನೆಯ ಕಾಲನಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ವರ್ಷದ ಮೊದಲಲ್ಲಿ ಅವರ ಅಂಕಿಗಳು ಇದ್ದಕ್ಕಿದ್ದಂತೆ ಕುಸಿಯತೊಡಗಿದವು. ಎರಡು ವಾರ ಸರಿಯಾಗಿ ಬರುತ್ತವೆ, ಒಂದು ದಿನ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತವೆ, ಮರುದಿನ ಮತ್ತೆ ಏರುತ್ತವೆ. ಮಾತ್ರೆ ತಿಂದ ಇಲಿಗೂ ಹಾಗೆಯೇ, ತಿನ್ನದ ಇಲಿಗೂ ಹಾಗೆಯೇ.

“ನಿಮ್ಮ ಕೈ ಸರಿಯಿಲ್ಲ,” ಎಂದರು ಡಾಕ್ಟರ್ ಚಂದ್ರಶೇಖರಯ್ಯ.

“ಸಾರ್, ನನ್ನ ಕೈಯಾದ್ರೆ ಹದಿನೈದು ದಿನಕ್ಕೊಂದ್ಸಲ ಮಾತ್ರ ಯಾಕೆ ಕೆಡುತ್ತೆ?” ಎಂದು ಸೀತಾಲಕ್ಷ್ಮಿ ಆರು ತಿಂಗಳ ಅಂಕಿಗಳನ್ನು ಗ್ರಾಫ್ ಹಾಳೆಗಳಲ್ಲಿ ಬರೆದು, ಅಂಟಿಸಿ, ಮೇಜಿನ ಮೇಲೆ ಹಾಸಿದರು. ರೇಖೆ ನೇರವಾಗಿ ನಡೆಯುತ್ತ, ಹದಿನೈದು ದಿನಕ್ಕೊಂದು ಹಳ್ಳಕ್ಕೆ ಬಿದ್ದು ಎದ್ದು ಹೋಗುತ್ತಿತ್ತು.

ಡಾಕ್ಟರರು ಪೈಪು ಕಚ್ಚಿಕೊಂಡು ಅದನ್ನು ಬಹಳ ಹೊತ್ತು ನೋಡಿದರು. ಹದಿನೈದು ದಿನ ಎಂದಾಗ ಆಕಾಶದ ಕಡೆ ನೋಡುವ ಮನುಷ್ಯರೂ ಇದ್ದಾರೆ, ಕ್ಯಾಲೆಂಡರಿನ ಕಡೆ ನೋಡುವವರೂ ಇದ್ದಾರೆ. ಡಾಕ್ಟರರ ಮನೆತನದಲ್ಲಿ ಏಕಾದಶಿಯ ಆಚರಣೆ ಇರಲಿಲ್ಲ. ತಿಥಿ ನಕ್ಷತ್ರಗಳೆಂದರೆ ತಮಗೆ ಗೊತ್ತೇ ಇಲ್ಲ ಎಂಬುದು ಅವರ ಹೆಮ್ಮೆಯೂ ಆಗಿತ್ತು. ಆದ್ದರಿಂದ ಅವರು ಆಕಾಶವನ್ನು ನೋಡಿದರು. ಅಲ್ಲಿ ಚಂದ್ರ ಸಿಕ್ಕ.

ಇಲಿಯ ಯಕೃತ್ತಿನಲ್ಲಿ ಕೊಲೆಸ್ಟರಾಲಿನ ತಯಾರಿಕೆ ಹಗಲು ಇಳಿದು ರಾತ್ರಿ ಏರುತ್ತದೆಂದು ಹೊರದೇಶದವರು ಅಷ್ಟರಲ್ಲಾಗಲೇ ಬರೆದಿದ್ದರು. ದಿನದ ಲಯವನ್ನು ಅವರು ಕಂಡುಕೊಂಡರು, ಪಕ್ಷದ ಲಯ ನನಗಾಗಿ ಕಾದಿತ್ತು ಎಂದು ಡಾಕ್ಟರರು ತೀರ್ಮಾನಿಸಿದರು. ಹುಣ್ಣಿಮೆ ಅಮಾವಾಸ್ಯೆಗಳಿಗೆ ಮೂರು ದಿನ ಮುಂಚೆ ಐಸೋಪ್ರಿನಾಯ್ಡುಗಳ ತಯಾರಿಕೆ ಚಂದ್ರನ ಸೆಳೆತದಿಂದ ಕುಸಿಯುತ್ತದೆ! ಎರಡು ಹಳ್ಳಗಳು ಮಾತ್ರ ಒಂದು ದಿನ ತಡವಾಗಿ ಬಂದಿದ್ದವು. ಆ ಎರಡಕ್ಕೆ ಗುರುಗ್ರಹದ ಸೆಳೆತ ಕಾರಣವಿರಬೇಕೆಂದು ಅಡಿಟಿಪ್ಪಣಿ ಹಾಕಿದರು. ಜ್ಯೋತಿಷ್ಯವೆಂದರೆ ಮೂಗು ಮುರಿಯುತ್ತಿದ್ದವರು ತಮಗೇ ಗೊತ್ತಿಲ್ಲದೆ ಗುರುಬಲಕ್ಕೆ ಬಂದು ನಿಂತಿದ್ದರು. ಲೇಖನ ಸಿದ್ಧವಾಯಿತು. ಅದರಲ್ಲಿ ಸೀತಾಲಕ್ಷ್ಮಿಯ ಹೆಸರಿರಲಿಲ್ಲ. ಆಗಸ್ಟ್ ಇಪ್ಪತ್ತಾರಕ್ಕೆ ಮುಂಬಯಿಯಿಂದ ಡೈರೆಕ್ಟರರು ಬರುವವರಿದ್ದರು, ಅವರ ಮುಂದೆ ಉಪನ್ಯಾಸ. ಸಂತೋಷದಲ್ಲಿ ಡಾಕ್ಟರರು ಚಲುವಯ್ಯನನ್ನೂ ಕರೆದರು.

“ನಿನ್ನ ಫೈಲ್ ನನ್ನ ಟೇಬಲ್ ಮೇಲಿದೆ. ಲೆಕ್ಚರ್ ಮುಗೀಲಿ, ಸೈನ್ ಮಾಡ್ತೀನಿ. ಸ್ಲೈಡ್ ಪ್ರೊಜೆಕ್ಟರ್ ನೀನೇ ನೋಡ್ಕೋ, ಬೇರೆಯೋರು ಉಲ್ಟಾ ಹಾಕ್ತಾರೆ.”

ಆ ಸಂಜೆ ಹಲಸೂರಿನಲ್ಲಿ ಚಲುವಯ್ಯನ ಹೆಂಡತಿ ಶಾಂತಕುಮಾರಿ ಒಂದು ಲೋಟ ಹಾಲಿನ ಪಾಯಸ ಮಾಡಿದಳು.

ಇದಾದ ವಾರದೊಳಗೆ ಒಂದು ದ್ವಾದಶಿ ಬಂತು. ಅಂಕಿ ಎಂದಿನಂತೆ ಕುಸಿಯಿತು. ಸೀತಾಲಕ್ಷ್ಮಿ ಆ ದಿನ ಯಕೃತ್ತಿನ ಜೊತೆಗೆ ಇಲಿಯ ಹೊಟ್ಟೆಯನ್ನೂ ಬಿಡಿಸಿ ನೋಡಿದರು. ಒಂದು ಕಡಲೆಯ ಸಿಪ್ಪೆಯೂ ಇರಲಿಲ್ಲ. ನೇರವಾಗಿ ಪ್ರಾಣಿಗೃಹಕ್ಕೆ ಬಂದರು. ಅಲ್ಲಿ ಗುಡಿಸುವ ಹಮೀದಾ ಮೂಲೆಯಲ್ಲಿ ಕಸ ಒಟ್ಟು ಮಾಡುತ್ತಿದ್ದಳು, ಚಲುವಯ್ಯ ಇಲಿಗಳಿಗೆ ಕಡಲೆ ಹಾಕುತ್ತಿದ್ದ.

“ಚಲುವಯ್ಯನವರೇ, ನಿನ್ನೆ ಇವಕ್ಕೆ ಊಟ ಹಾಕಿದ್ರಾ?”

“ನಿನ್ನೆ ಏಕಾದಶಿ ಅಲ್ವಾ ಅಮ್ಮಾವ್ರೇ,” ಎಂದ ಚಲುವಯ್ಯ, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನಲ್ಲವೇ ಎನ್ನುವ ಧಾಟಿಯಲ್ಲಿ.

“ಪ್ರತೀ ಏಕಾದಶೀನೂ?”

“ಈ ಸಂಕ್ರಾಂತಿಯಿಂದ. ಒಂದೂ ಬಿಟ್ಟಿಲ್ಲ.”

“ನಾನೂ ಹೇಳ್ದೆ ಮೇಡಂ,” ಎಂದಳು ಹಮೀದಾ ಪೊರಕೆ ನಿಲ್ಲಿಸಿ. “ನಮ್ಮ ರೋಜಾದಲ್ಲೂ ಸಂಜೆ ತಿಂತೀವಿ ಅಣ್ಣಾ, ಪಾಪ ಇವಕ್ಕೆ ಸಂಜೇನೂ ಇಲ್ವಾ ಅಂತ. ಕೇಳಲ್ಲ ಇವರು.”

ಸೀತಾಲಕ್ಷ್ಮಿ ಕಡಲೆಯ ಮೂಟೆಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗು ನಿಂತ ಮೇಲೆ ಹೇಳಿದರು. “ಹೊಟ್ಟೆಗಿಲ್ದೋನು ಮನೆ ಕಟ್ತಾನಾ ಚಲುವಯ್ಯನವರೇ? ಊಟ ಇದ್ರೆ ಲಿವರ್ ಆ ಎರಡು ಇಂಗಾಲದ ಚೂರನ್ನ ಇಟ್ಟಿಗೆ ಮಾಡುತ್ತೆ. ಊಟ ಇಲ್ದಿದ್ರೆ ಇರೋ ಚೂರನ್ನೆಲ್ಲ ಉರಿಸಿ ಜೀವ ಉಳಿಸ್ಕೊಳುತ್ತೆ. ಆ ಆರರ ಗೇಟು ತಾನಾಗೇ ಮುಚ್ಕೊಳುತ್ತೆ. ಇದು ಪುಸ್ತಕದಲ್ಲಿ ಬಂದು ಇಪ್ಪತ್ತು ವರ್ಷ ಆಯ್ತು. ಡಾಕ್ಟ್ರ ಚಂದ್ರ ಯಾರು ಗೊತ್ತಾ? ನೀವು.”

ಚಲುವಯ್ಯನ ಕೈಯಲ್ಲಿದ್ದ ಕಡಲೆ ಹಾಗೇ ನಿಂತಿತು. ಮೊದಲು ಅವನ ಮುಖ ಬಿಳುಪೇರಿತು. ಆಮೇಲೆ, ನಿಧಾನವಾಗಿ, ಅದರಲ್ಲಿ ಇನ್ನೇನೋ ಏರತೊಡಗಿತು. ಅದು ಹೆಮ್ಮೆ.

“ಅಂದ್ರೆ... ಮೂರು ವರ್ಷ ಮಾತ್ರೆ ಕೊಟ್ಟು ಅವರಿಗೆ ಹಾಕೋಕಾಗದ ಗೇಟನ್ನ ನಾನು ಹಾಕ್ದೆ ಅನ್ನಿ.”

“ಹಾಕಿದ್ರಿ. ಈಗ ಬಾಯಿಗೂ ಒಂದು ಗೇಟು ಹಾಕ್ಕೊಳ್ಳಿ. ಅವರು ಸೈನ್ ಮಾಡೋವರೆಗೆ.”

“ನೀವು ಹೇಳಲ್ವಾ ಡಾಕ್ಟ್ರಿಗೆ?”

“ನನ್ನ ಕೈ ಸರಿಯಿಲ್ಲ ಅಂದ್ರಲ್ಲ. ಕೈ ಸರಿಯಿಲ್ಲದೋರು ಬಾಯಿ ಯಾಕೆ ತೆರೀಬೇಕು?” ಎಂದು ಸೀತಾಲಕ್ಷ್ಮಿ ಎದ್ದು ಹೋದರು.

ಸುಮ್ಮನಿರುವುದು ಚಲುವಯ್ಯನಿಗೆ ಗೊತ್ತಿಲ್ಲದ ವಿದ್ಯೆ. ಬಷೀರನಿಗೆ ಅದೇ ವಾರ ಹೇಳಿದ. ಬಷೀರ್ ಹತ್ತಿಯ ಉಂಡೆಯೊಂದನ್ನು ಅತ್ತರಿನಲ್ಲಿ ಅದ್ದಿ ಅವನ ಕಿವಿಗೆ ಸಿಕ್ಕಿಸುತ್ತ, “ಚುಪ್ ಬೈಠೋ ಭಾಯ್. ಕಿವಿಗೆ ಹಾಕಿದೀನಿ, ಬಾಯಿಗೂ ಬೇಕಾ?” ಎಂದ. ಮನೆಯಲ್ಲಿ ಶಾಂತಕುಮಾರಿಗೂ ಹೇಳಿದ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ನಾನು ಮಾಡಿದ್ದು ಕಣೇ ಅದು. ಹೆಸರು ಮಾತ್ರ ಚಂದ್ರನಿಗೆ.”

“ಚಂದ್ರನ ಹೆಸರೇ ಇರಲಿ ಬಿಡ್ರೀ. ಅವನೇನು ಕಾಯಂ ಆಗ್ಬೇಕಾ?”

ಚಲುವಯ್ಯ ಬಾಯಿ ಬಿಡುವುದಿಲ್ಲವೆಂದು ದೇವರ ಮುಂದೆ ಅವಳಿಗೆ ಮಾತು ಕೊಟ್ಟ.

ಆಗಸ್ಟ್ ಇಪ್ಪತ್ತಾರರ ಮಧ್ಯಾಹ್ನ ಸಭಾಂಗಣದ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದರು. ಮುಂದಿನ ಸಾಲಿನಲ್ಲಿ ಮುಂಬಯಿಯ ಡೈರೆಕ್ಟರರು ಕೂತಿದ್ದರು. ಪಕ್ಕದಲ್ಲಿ ಕೃಷ್ಣಸ್ವಾಮಿ ಎಂಬ ನಿವೃತ್ತ ಪ್ರೊಫೆಸರು. ಕಂಪನಿ ಇಂಥ ಸಂದರ್ಭಗಳಿಗೆ ಕರೆಸುತ್ತಿದ್ದ ಹಿರಿಯರು ಅವರು, ಸಾಮಾನ್ಯವಾಗಿ ಎರಡನೆಯ ಸ್ಲೈಡಿಗೆ ನಿದ್ದೆಹೋಗುತ್ತಿದ್ದರು. ಹಿಂದೆ ಪ್ರೊಜೆಕ್ಟರಿನ ಪಕ್ಕದಲ್ಲಿ ಚಲುವಯ್ಯ, ಇಸ್ತ್ರಿ ಮಾಡಿದ ಖಾಕಿಯಲ್ಲಿ. ಸೀತಾಲಕ್ಷ್ಮಿ ಅವನಿಂದ ಒಂದು ಕುರ್ಚಿ ಆಚೆ.

ಡಾಕ್ಟರರು ಮೂರು ಅಸಿಟೇಟಿನಿಂದ ಶುರುಮಾಡಿ, ಆರಾಗಿ, ಐದಾಗಿ, ಕರ್ಪೂರದಿಂದ ರಬ್ಬರಿನವರೆಗೆ ಹೋಗಿ ಬಂದರು. ಚಲುವಯ್ಯ ಕತ್ತಲಲ್ಲಿ ತುಟಿಯಾಡಿಸುತ್ತ ಜೊತೆಗೆ ಹೇಳಿಕೊಂಡ. ಆಮೇಲೆ ಆ ರೇಖೆ ಬಂತು, ಪ್ರತಿ ಹಳ್ಳದ ಮೇಲೂ ಒಂದೊಂದು ಪುಟ್ಟ ಚಂದ್ರ. ಡಾಕ್ಟರರ ಧ್ವನಿ ಗದ್ಗದವಾಯಿತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಮೂರು ವರ್ಷವಾಯಿತು, ಚಂದ್ರ ನಮ್ಮ ಜೀವಕೋಶದಲ್ಲಿ ಕಾಲಿಟ್ಟಿರುವುದನ್ನು ನಾವು ಇಂದು ತೋರಿಸುತ್ತಿದ್ದೇವೆ ಎಂದರು.

ಪ್ರೊಫೆಸರ್ ಕೃಷ್ಣಸ್ವಾಮಿ ನಿದ್ದೆಹೋಗಿರಲಿಲ್ಲ.

“ಡಾಕ್ಟರ್, ಆ ದಿನಗಳಲ್ಲಿ ಇಲಿಗಳು ಸರಿಯಾಗಿ ತಿಂದಿದ್ದವೇ?” ಎಂದು ಕೇಳಿದರು.

ಡಾಕ್ಟರರು ನಕ್ಕರು. “ಆಹಾರದಲ್ಲಿ ವ್ಯತ್ಯಾಸದ ಪ್ರಶ್ನೆಯೇ ಇಲ್ಲ. ಅದನ್ನು ನೋಡಿಕೊಳ್ಳುವವನು ಅಲ್ಲಿ ನಿಂತಿದ್ದಾನೆ, ನಮ್ಮ ಅಟೆಂಡರ್. ಹೆಚ್ಚು ಓದಿದವನಲ್ಲ, ಬುದ್ಧಿ ಉಪಯೋಗಿಸುವ ಅಭ್ಯಾಸವೂ ಇಲ್ಲ. ಅದೇ ನಮಗೆ ಅನುಕೂಲ. ಮೆಷಿನ್ ಇದ್ದಂತೆ. ಈ ಫಲಿತಾಂಶದಲ್ಲಿ ಅವನ ಪಾತ್ರ ಏನೇನೂ ಇಲ್ಲ ಎಂದು ನಾನು ಪ್ರಮಾಣ ಮಾಡಬಲ್ಲೆ.”

ಇಂಗ್ಲಿಷಿನಲ್ಲೇ ಹೇಳಿದ್ದರು. ಆದರೆ ಹಲಸೂರಿನ ದಂಡಿನ ಪ್ರದೇಶದಲ್ಲಿ, ಇಂಗ್ಲಿಷರ ನಡುವೆ, ಹುಟ್ಟಿ ಬೆಳೆದವನಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತದೆ. ಪ್ರೊಜೆಕ್ಟರಿನ ಫ್ಯಾನು ಗುಂಯ್‌ಗುಡುತ್ತಿತ್ತು. ಸೀತಾಲಕ್ಷ್ಮಿ ಕತ್ತಲಲ್ಲಿ ಅವನ ಅಂಗಿಯ ತೋಳು ಹಿಡಿದೆಳೆದರು. ಚಲುವಯ್ಯನ ಕಣ್ಣ ಮುಂದೆ ಹೆಂಡತಿ ಬಂದಳು, ಅರ್ಜಿ ಬಂತು, ನಲವತ್ತೈದು ವರ್ಷ ಬಂತು. ಎಲ್ಲವೂ ಬಂದು ಸಾಲಾಗಿ ನಿಂತು ಬೇಡ ಬೇಡ ಎಂದವು.

“ಸಾರ್,” ಎಂದ. “ಅದು ಚಂದ್ರ ಅಲ್ಲ ಸಾರ್. ನಾನು.”

ಯಾರೋ ದೀಪ ಹಾಕಿದರು.

“ಚಲುವಯ್ಯ, ಮುಂದಿನ ಸ್ಲೈಡ್ ಹಾಕು,” ಎಂದರು ಡಾಕ್ಟರರು.

“ಹಾಕ್ತೀನಿ ಸಾರ್. ಚಂದ್ರ ಅಷ್ಟು ದೂರದಿಂದ ಬಂದು ನಮ್ಮ ಇಲಿ ಲಿವರಲ್ಲಿ ಏನ್ ಮಾಡ್ತಾನೆ? ಅದೆಲ್ಲ ಏಕಾದಶಿ ಸಾರ್. ನಾನೇ ಉಪವಾಸ ಮಾಡ್ಸಿದ್ದು.”

ಪ್ರೊಫೆಸರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, ಅವನ ಹಣೆಯ ನಾಮವನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು. ತಟ್ಟನೆ ಕನ್ನಡಕ್ಕೆ ಬಂದರು.

“ಆ ಎರಡು ಹಳ್ಳ ಒಂದು ದಿನ ತಡವಾಗಿ ಬಂದಿವೆಯಲ್ಲಪ್ಪ?”

“ಅವೆರಡೂ ವೈಷ್ಣವ ಏಕಾದಶಿ ಸ್ವಾಮಿ. ಸ್ಮಾರ್ತರಿಗೆ ಹಿಂದಿನ ದಿನ ಬಂದಿತ್ತು. ನಮಗೆ ಮಾರನೆ ದಿನ.”

“ಹೌದು ಹೌದು,” ಎಂದರು ಪ್ರೊಫೆಸರು ಡಾಕ್ಟರರ ಕಡೆ ತಿರುಗಿ, ಬಹಳ ಗಂಭೀರವಾಗಿ. “ನಮ್ಮನೇಲೂ ಅವೆರಡು ಮಾರನೇ ದಿನವೇ ಆಯ್ತು. ಗುರುಗ್ರಹಾನ ಬಿಟ್ಟುಬಿಡಬಹುದು.”

ಡೈರೆಕ್ಟರರಿಗೆ ಕನ್ನಡ ಬರುತ್ತಿರಲಿಲ್ಲ. ಪ್ರೊಫೆಸರು ಅನುವಾದ ಮಾಡಿ ಹೇಳಿದರು, ಸ್ವಲ್ಪ ಉತ್ಸಾಹದಿಂದಲೇ. ಡೈರೆಕ್ಟರರು ನಗಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ಮಾತ್ರೆ?” ಡಾಕ್ಟರರು ಪೈಪಿಗಾಗಿ ಜೇಬು ತಡಕಾಡಿದರು. ಅದು ಸಿಗಲಿಲ್ಲ. ಅಲ್ಲಿಗೆ ಚಹಾ ಬಂತು.

ಹಲಸೂರಿನಲ್ಲಿ ಆ ಸಂಜೆ ಶಾಂತಕುಮಾರಿ ಅವನೊಂದಿಗೆ ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ. ಮೂರನೆಯ ದಿನ ಮಾತ್ರ, “ಚಂದ್ರನ ಜೊತೆ ಮೇಲಾಟಕ್ಕೆ ಹೋದೋರಲ್ವಾ, ಅವನ ಮನೇಲೇ ಊಟ ಮಾಡ್ಕೊಂಡು ಬನ್ನಿ,” ಎಂದು ತಟ್ಟೆಯನ್ನು ಸ್ವಲ್ಪ ಜೋರಾಗಿ ಇಟ್ಟಳು. ಚಲುವಯ್ಯ ತಲೆ ತಗ್ಗಿಸಿ ಉಂಡ. ಅವನಿಗೆ ತಾನು ಮಾಡಿದ್ದು ತಪ್ಪೆನ್ನಿಸಿರಲಿಲ್ಲ, ಆದರೆ ಆಗಸ್ಟ್ ಮುಗಿಯುತ್ತಿದೆ ಎಂಬುದು ಗೊತ್ತಿತ್ತು.

ಅತ್ತ ಡಾಕ್ಟರ್ ಚಂದ್ರಶೇಖರಯ್ಯ ಅವನನ್ನು ಕೆಲಸದಿಂದ ತೆಗೆಯುವ ಮೆಮೋ ಬರೆಸಲು ಕೂತಿದ್ದರು. ಬರೆದುಕೊಳ್ಳುತ್ತಿದ್ದವನು ಹೆಡ್ ಕ್ಲಾರ್ಕ್ ಅನಂತರಾಮು. ಮೂವತ್ತು ವರ್ಷ ಕಾಗದಗಳ ನಡುವೆ ಬದುಕಿ, ಕಾಗದದ ಹೊರಗೆ ಏನೂ ನಡೆಯುವುದಿಲ್ಲವೆಂದು ಕಂಡುಕೊಂಡಿದ್ದ ಮನುಷ್ಯ.

“‘ಪ್ರಯೋಗದ ಇಲಿಗಳಿಗೆ ಏಕಾದಶಿ ಉಪವಾಸ ಮಾಡಿಸಿದ ಕಾರಣ,’ ಅಂತ ಹಾಕು.”

“ಹಾಕಬಹುದು ಸಾರ್. ಕಾಪಿ ಮುಂಬಯಿಗೆ ಹೋಗುತ್ತೆ. ಅಲ್ಲಿಂದ ಎಲ್ಲ ಬ್ರಾಂಚಿಗೂ.”

ಡಾಕ್ಟರರು ಸ್ವಲ್ಪ ಯೋಚಿಸಿದರು. “‘ಕರ್ತವ್ಯಲೋಪ’ ಅಂತ ಮಾತ್ರ ಹಾಕು.”

“ಕರ್ತವ್ಯಲೋಪಕ್ಕೆ ಸಾಕ್ಷಿ ಲಗತ್ತಿಸ್ಬೇಕು ಸಾರ್. ಆಹಾರದ ರಿಜಿಸ್ಟರ್.”

“ಲಗತ್ತಿಸು. ಸುಳ್ಳು ಬರೆದಿರ್ತಾನೆ, ಸಿಕ್ಕಿಹಾಕ್ಕೊಳ್ಳಲಿ.”

ಅನಂತರಾಮು ರಿಜಿಸ್ಟರನ್ನು ತಂದು, ತೆರೆದು, ಮೇಜಿನ ಮೇಲಿಟ್ಟ. ಚಲುವಯ್ಯ ಸುಳ್ಳು ಬರೆದಿರಲಿಲ್ಲ. ಷರಾ ಎಂಬ ಕಾಲಮಿನಲ್ಲಿ, ಹದಿನೈದು ದಿನಕ್ಕೊಮ್ಮೆ, ಗುಂಡಾದ ಕನ್ನಡ ಅಕ್ಷರಗಳಲ್ಲಿ ಬರೆದಿದ್ದ: ‘ಏಕಾದಶಿ. ಎಲ್ಲರೂ ಉಪವಾಸ.’ ಪ್ರತಿ ಶನಿವಾರ ಅದರ ಕೆಳಗೆ ‘ಪರಿಶೀಲಿಸಿದೆ’ ಎಂಬ ಮೊಹರು, ಮೊಹರಿನ ಕೆಳಗೆ ಹಸಿರು ಮಸಿಯಲ್ಲಿ ಡಾಕ್ಟರ್ ಚಂದ್ರಶೇಖರಯ್ಯನವರ ಸಹಿ. ಬಹಳ ಸುಂದರವಾದ ಸಹಿ, ಇಂಗ್ಲೆಂಡಿನಲ್ಲಿ ಅಭ್ಯಾಸ ಮಾಡಿದ್ದು.

“‘ಎಲ್ಲರೂ’ ಅಂತಿದೆ ಸಾರ್,” ಎಂದ ಅನಂತರಾಮು, ನೆಲ ನೋಡುತ್ತ. “ಮುಂಬಯಿಯೋರು ಯಾರಾದ್ರೂ ಓದಿಸ್ಕೊಂಡ್ರೆ ತಾವೂ ಸೇರಿದ್ರೇನೋ ಅಂದ್ಕೋಬಹುದು.”

ಡಾಕ್ಟರರು ರಿಜಿಸ್ಟರನ್ನು ಮುಚ್ಚಿದರು. ಮತ್ತೆ ತೆರೆದರು. ಸಹಿಗಳನ್ನು ಎಣಿಸಿದರು. ಮೂವತ್ತೊಂದನೆಯ ತಾರೀಖು ಸಂಜೆ ನಾಲ್ಕೂ ಮುಕ್ಕಾಲಿಗೆ, ಗಾಜಿನ ಗುಂಡನ್ನು ಪಕ್ಕಕ್ಕಿಟ್ಟು, ಅದೇ ಹಸಿರು ಮಸಿಯಲ್ಲಿ ಚಲುವಯ್ಯನನ್ನು ಕಾಯಂ ಮಾಡಿದರು. ತೆಗೆದುಹಾಕಿದವನ ರಿಜಿಸ್ಟರು ಮುಂಬಯಿಗೆ ಹೋಗುತ್ತದೆ; ಕಾಯಂ ನೌಕರನ ರಿಜಿಸ್ಟರು ಕಂಪನಿಯ ಗೌರವಕ್ಕೆ ಸೇರಿದ್ದು, ಅದನ್ನು ಯಾರೂ ತೆರೆದು ನೋಡುವುದಿಲ್ಲ.

ಆದೇಶದ ಕೊನೆಯಲ್ಲಿ ಒಂದು ಷರತ್ತು ಇತ್ತು: ಪ್ರಾಣಿಗಳಿಗೆ ವರ್ಷದ ಎಲ್ಲ ದಿನವೂ ಆಹಾರ ಕೊಡತಕ್ಕದ್ದು. ಚಲುವಯ್ಯ ಅದನ್ನು ಎರಡು ಸಲ ಓದಿದ.

“ಕಾಯಂ ಆದೋರಿಗೆ ವರ್ಷಕ್ಕೆ ರಜ ಎಷ್ಟು ಅನಂತರಾಮಯ್ಯನೋರೇ?”

“ಹನ್ನೆರಡು ಕ್ಯಾಶುಯಲ್, ಹನ್ನೆರಡು ಗಳಿಕೆ ರಜ. ಇಪ್ಪತ್ತನಾಲ್ಕು.”

“ಸರಿಹೋಯ್ತು. ಏಕಾದಶೀನೂ ಇಪ್ಪತ್ತನಾಲ್ಕೇ.”

“ಅಧಿಕಮಾಸ ಬಂದ್ರೆ ಇಪ್ಪತ್ತಾರು ಆಗುತ್ತಲ್ಲಯ್ಯಾ?”

“ಆ ಎರಡು ದಿನ ಸಂಬಳ ಹಿಡ್ಕೊಳ್ಳಿ.”

ಹಾಗೇ ನಡೆಯಿತು. ಏಕಾದಶಿಯ ದಿನ ಹಮೀದಾ ಬಂದು ಇಲಿಗಳಿಗೆ ಕೈತುಂಬ ಕಡಲೆ ಹಾಕುತ್ತಿದ್ದಳು. ಸೀತಾಲಕ್ಷ್ಮಿಯ ರೇಖೆ ಸಿಮೆಂಟಿನ ರಸ್ತೆಯಂತೆ ನೇರವಾಯಿತು. ಹಳ್ಳಗಳ ಗೊಂದಲವಿಲ್ಲದ್ದರಿಂದ, ಮಾತ್ರೆ ಏನೂ ಕೆಲಸ ಮಾಡುವುದಿಲ್ಲ ಎಂಬುದು ಒಂದೇ ವರ್ಷದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಯಿತು. ಆ ವರದಿಯಲ್ಲಿ ಸೀತಾಲಕ್ಷ್ಮಿಯ ಹೆಸರನ್ನು ಡಾಕ್ಟರರು ಮೊದಲನೆಯದಾಗಿ ಹಾಕಿದರು, ಏಕೆಂದರೆ ಬೇರೆ ಯಾರಿಗೂ ಅದರಲ್ಲಿ ಹೆಸರು ಬೇಕಾಗಿರಲಿಲ್ಲ.

ಚಲುವಯ್ಯ ಜ್ವರ ಬಂದರೂ ಕೆಲಸಕ್ಕೆ ಬರುತ್ತಿದ್ದ, ರಜವೆಲ್ಲ ಏಕಾದಶಿಗೆ ಮೀಸಲು. ಪ್ರತಿ ದಶಮಿಯ ಸಂಜೆ ಡಾಕ್ಟರರ ಮೇಜಿನ ಮೇಲೆ ಅವನ ರಜೆ ಅರ್ಜಿ ಬಂದು ಕೂರುತ್ತಿತ್ತು. ಕಾರಣ ಎಂಬಲ್ಲಿ ಗುಂಡಾದ ಅಕ್ಷರದಲ್ಲಿ ಬರೆದಿರುತ್ತಿತ್ತು: ‘ಇನ್ನೂರು ಜೀವಗಳ ಪರವಾಗಿ ಉಪವಾಸ.’ ಡಾಕ್ಟರರು ಈಗ ಪ್ರತಿ ಅಕ್ಷರವನ್ನೂ ಓದುತ್ತಿದ್ದರು. ಓದಿ, ಹಲ್ಲು ಕಚ್ಚಿ, ಸಹಿ ಹಾಕುತ್ತಿದ್ದರು.